ಗುರಣ್ಣನ ಕೂರಿಗೆ, ಚಂದವ್ವನ ಕೈ

ಹೂವಿನ ಹಿಪ್ಪರಗಿಯ ಬಡಿಗೇರ ಗುರಣ್ಣನಿಗೆ ಒಂದು ರೂಢಿಯಿತ್ತು. ತಾನು ಮಾಡಿದ ಕೂರಿಗೆಯಿಂದ ಯಾರು ಬಿತ್ತಿದರೂ ಎಂಟನೆಯ ದಿನ ಅವರ ಹೊಲಕ್ಕೆ ಹೋಗಿ ಮೊಳಕೆಯ ಸಾಲು ನೋಡಿ ಬರುತ್ತಿದ್ದ. ಅವರು ಕರೆಯಲಿ, ಬಿಡಲಿ. ಸಾಲು ದಟ್ಟವಾಗಿ ಎದ್ದಿದ್ದರೆ ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು, ಮಗಳ ಮನೆಯಲ್ಲಿ ಉಂಡು ಬಂದವನ ಹಾಗೆ ತಿರುಗುತ್ತಿದ್ದ.

ಎಪ್ಪತ್ನಾಲ್ಕನೆಯ ಇಸವಿಯ ಹಿಂಗಾರಿಗೆ ಅವನು ಮಾಡಿದ್ದು ಒಂದೇ ಕೂರಿಗೆ. ಕೈ ನಡುಗತೊಡಗಿತ್ತು, ಇದೇ ಕೊನೆಯದೆಂದು ಹೇಳಿಬಿಟ್ಟಿದ್ದ. ಅದು ಚಂದವ್ವನ ಮನೆಗೆ ಬಂತು. ಜಾಲಿಯ ಬೊಡ್ಡೆಯಿಂದ ಕೆತ್ತಿದ ಬೀಜದ ಬಟ್ಟಲಿಗೆ ಮೂರು ತೂತು. ಒಂದೊಂದರಿಂದ ಒಂದೊಂದು ಬಿದಿರ ನಳಿಗೆ ನೆಲಕ್ಕೆ ಇಳಿಯುತ್ತಿತ್ತು. ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಕಾಳು ಬಿಡುತ್ತ ಹೋದರೆ ಮೂರಕ್ಕೂ ಸಮನಾಗಿ ಹಂಚಿಹೋಗಬೇಕು. ಅರ್ಧ ಬಡಿಗನ ಕೆಲಸ, ಅರ್ಧ ಆ ಕೈಯ ಕೆಲಸ.

ಚಂದವ್ವನ ಕೈ ಸುತ್ತಲಿನ ನಾಲ್ಕು ಹಳ್ಳಿಗೆ ಗೊತ್ತಿತ್ತು. ಇಪ್ಪತ್ತೈದು ವರ್ಷಗಳ ಕಾಲ ಮುಂದೆ ಗಂಡ ರೇವಣಪ್ಪ ಎತ್ತು ಹೊಡೆದಿದ್ದ, ಹಿಂದೆ ಇವಳು ಕಾಳು ಬಿಟ್ಟಿದ್ದಳು. ಹೋದ ಚೈತ್ರದಲ್ಲಿ ರೇವಣಪ್ಪ ಶಿವನ ಪಾದ ಸೇರಿದ. ಹೊಲದ ದಾರಿಯ ಬದಿಗೇ ಅವನನ್ನು ಮಣ್ಣು ಮಾಡಿದರು. ಗಂಡ ಸತ್ತವಳು ಬೀಜ ಮುಟ್ಟಬಾರದೆಂದು ಓಣಿಯವರು ಗೊಣಗಿದಾಗ ಮೈದುನ ಅಮಸಿದ್ದ, "ಭೂಮಿತಾಯಿ ನಮ್ಮ ವೈನಿ ಕೈ ನೋಡತಾಳ್ರಿ, ಬಳಿ ಎಣಸಂಗಿಲ್ಲ" ಎಂದು ಬಾಯಿ ಮುಚ್ಚಿಸಿ, ತಾನೇ ಎತ್ತು ಹೊಡೆದಿದ್ದ.

ಎಂಟನೆಯ ದಿನ ಹೊಲಕ್ಕೆ ಹೋದ ಗುರಣ್ಣ ಎಲೆ ಅಡಿಕೆ ಹಾಕಲಿಲ್ಲ. ನೆಟ್ಟಗೆ ಚಂದವ್ವನ ಅಂಗಳಕ್ಕೆ ಬಂದು, ಗೋಡೆಗೆ ಆನಿಸಿದ್ದ ಕೂರಿಗೆಯ ಬಟ್ಟಲು ಬಿಚ್ಚತೊಡಗಿದ.

"ಏನ್ ಮಾಡಾಕತ್ತೀರಿ ಕಾಕಾ?" ಅಮಸಿದ್ದ ಓಡಿಬಂದ.

"ಸೀಳಿ ಒಲೀಗೆ ಹಾಕತೇನಿ. ದಾರಿ ಕಡೆ ಹೋಗಿ ನೋಡು, ಮೂರು ಸಾಲಿನ್ಯಾಗ ಒಂದು ಬೋಳು! ತೂತು ಸೊಟ್ಟ ಕೊರದೇನಿ. ಕಣ್ಣು ಹೋತು, ಕೈ ಹೋತು, ಇದ್ಯಾಕ ಇರಬೇಕು?"

"ಅದರ ಬದಲಿ ನನ್ನ ಹಾಕ್ರಿ. ಒಣಗೇನಿ, ಚಲೋ ಉರೀತೇನಿ," ಎಂದ ಅಮಸಿದ್ದ.

ಗುರಣ್ಣ ನಗಲಿಲ್ಲ. ಮರ ಕೆತ್ತುವ ಬಾಚಿ ಕೈಗೆತ್ತಿಕೊಂಡ.

ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಚಂದವ್ವನ ಮೊರ ನಿಂತಿತು. ಆ ಬೋಳು ಸಾಲಿನ ಗುಟ್ಟು ಅವಳಿಗೆ ಗೊತ್ತಿತ್ತು. ಬಿತ್ತುವಾಗ ಗಂಡನ ಸಮಾಧಿ ಎದುರಿಗೆ ಬಂದಾಗ ಕಣ್ಣು ಅತ್ತ ಹೊರಳಿತ್ತು, ಕಣ್ಣಿನ ಸಂಗಡ ಮುಷ್ಟಿಯೂ ವಾಲಿತ್ತು. ಅಲ್ಲಿ ಹತ್ತು ಹೆಜ್ಜೆ ಒಂದು ತೂತಿಗೆ ಕಾಳೇ ಬಿದ್ದಿರಲಿಲ್ಲ. ಗುರಣ್ಣ ದಾರಿಯ ಬದಿಯನ್ನಷ್ಟೇ ನೋಡಿ ಬಂದಿದ್ದ. ಸುಮ್ಮನಿದ್ದರೆ ತಪ್ಪು ಬಟ್ಟಲಿನ ಮೇಲೆ ಹೋಗುತ್ತದೆ. ಬಾಯಿ ಬಿಟ್ಟರೆ ಓಣಿಯವರು ಗೆದ್ದ ಹಾಗೆ. ಮುಂದೆ ಯಾರೂ ಬಿತ್ತಲು ಕರೆಯುವುದಿಲ್ಲ. ಗಂಡನ ಸಂಗಡ ಮಾಡಿದ ಕೆಲಸಗಳಲ್ಲಿ ಅವಳಿಗೆ ಉಳಿದದ್ದು ಅದೊಂದೇ.

ಆದರೆ ಆ ಬಟ್ಟಲು! ಮುದುಕ ಒಂದೂವರೆ ತಿಂಗಳು ತಿಕ್ಕಿ ತಿಕ್ಕಿ ನುಣುಪು ಮಾಡಿದ್ದ. ಮೊದಲ ದಿನ ಅದರೊಳಗೆ ಅಂಗೈ ಆಡಿಸಿದಾಗ, ಇಂಥ ಕೆಲಸ ಮಾಡಿಸಿದ ಶಿವನಿಗೆ ಅವಳು ಕೈ ಮುಗಿದಿದ್ದಳು.

ಚಂದವ್ವ ಎದ್ದಳು. "ಕಾಕಾ, ತಡೀರಿ. ತಪ್ಪು ಬಟ್ಟಲದ್ದಲ್ಲ, ನನ್ನ ಕೈದು."

"ಮುದುಕಗ ಸಮಾಧಾನ ಹೇಳಬ್ಯಾಡವಾ."

"ನಡೀರಿ, ತೋರಸ್ತೇನಿ." ಮೊರದ ಜೋಳವನ್ನು ಉಡಿಗೆ ಸುರಿದುಕೊಂಡು ಅವಳು ಮುಂದೆ ನಡೆದಳು.

ಗುರಣ್ಣ ಹೊಲದ ಆಚೆಯ ತುದಿಯಿಂದ, ಬಗ್ಗಿ ಮೊಳಕೆ ಸವರುತ್ತ ಬಂದ. ಹಣಿಗೆಯಿಂದ ಬಾಚಿದ ಹಾಗೆ ಸಾಲು ಎದ್ದಿತ್ತು. ಕೈಗೆ ಎಲ್ಲಿಯೂ ಸಂದು ಸಿಗಲಿಲ್ಲ. ಸಮಾಧಿಯ ಎದುರಿಗೆ ಬಂದಾಗ ಬರಿ ಮಣ್ಣು ಸಿಕ್ಕಿತು. ಹತ್ತು ಹೆಜ್ಜೆ ದಾಟಿದ ಮೇಲೆ ಮತ್ತೆ ಮೊಳಕೆ. ಅವನು ಬೆನ್ನು ನೆಟ್ಟಗೆ ಮಾಡಿ ಸಮಾಧಿಯ ಕಡೆ ನೋಡಿದ.

"ರೇವಣಪ್ಪನ ಮುಂದ ಬಂದಾಗ ನಡುಗಲಿಲ್ಲಂದ್ರ ಅದು ಕೈ ಅಲ್ಲವಾ, ಕಟಗಿ," ಎಂದ. "ಕಟಗಿ ಕೆಲಸಾ ನಂದು."

ದಾರಿಯಲ್ಲಿ ಹೊರಟಿದ್ದ ಪಕ್ಕದ ಹೊಲದ ತಿಪ್ಪವ್ವ ಕೂಗಿದಳು: "ಏನ್ ಚಂದವ್ವಾ, ಜ್ವಾಳ ಹುಟ್ಟಿಲ್ಲೇನ? ನಾವು ಮೊದಲ ಹೇಳಿದ್ವಿ."

ಚಂದವ್ವ ತಲೆ ತಗ್ಗಿಸಿದಳು.

"ಒಳಗ ಬಾ ತಿಪ್ಪವ್ವಾ," ಎಂದ ಗುರಣ್ಣ. "ಗಂಡನ ಮಣ್ಣಿನ ಮುಂದ ಹತ್ತ ಹೆಜ್ಜಿ ಕೈ ತಪ್ಪೇತಿ. ಉಳಿದ ಹೊಲ ನೋಡು. ಎಪ್ಪತ್ತು ವರ್ಷದಾಗ ಇಂಥಾ ಸಾಲ ನಾ ಕಂಡಿಲ್ಲ."

ಹಾಗೆಂದು ಮೊಳಕಾಲೂರಿ ಕುಳಿತು, ಖಾಲಿ ಸಾಲಿನಲ್ಲಿ ಬೆರಳಿನಿಂದ ಕುಳಿ ಮಾಡತೊಡಗಿದ. ಬೆರಳು ನಡುಗಿ ಕುಳಿ ಅಗಲವಾಗುತ್ತಿತ್ತು. ಚಂದವ್ವ ಒಂದೊಂದರಲ್ಲಿ ಎರಡೆರಡು ಕಾಳು ಹಾಕಿ ಮಣ್ಣು ಎಳೆದಳು. ಅಮಸಿದ್ದ ಕೊಡದಲ್ಲಿ ನೀರು ತಂದು ಹನಿಸಿದ.

ತಿಪ್ಪವ್ವ ಬದು ದಾಟಿ ಬಂದು, ಸಾಲಿನ ಉದ್ದಕ್ಕೂ ನಡೆದು ನೋಡಿದಳು. ತಿರುಗಿ ಚಂದವ್ವನ ಹತ್ತಿರ ಬಂದಳು.

"ಚಂದವ್ವಾ, ನಮ್ಮ ಕಡ್ಲಿ ಬಿತ್ತಾಕ ಯಾವಾಗ ಬರ್ತೀಯವಾ?"

"ಸೋಮವಾರ," ಎಂದ ಗುರಣ್ಣ. "ಬಟ್ಟಲ ನಾನ ಬಂದು ಕಟ್ಟತೇನಿ."

"ನಿಮ್ಮನ್ಯಾರು ಕೇಳ್ಯಾರ್ರಿ?" ಎಂದಳು ತಿಪ್ಪವ್ವ.

ಚಂದವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಬರ್ತೇನಿ," ಎಂದಳು.