ಮೆಗ್ನೀಸಿಯಮ್ಮಿನ ಅಧ್ಯಾಯ

ಕೊಪ್ಪದ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಇಂಟರ್ನೆಟ್ ಅಂಗಡಿ. 2004ರ ಬೇಸಿಗೆಯಲ್ಲಿ ಅಲ್ಲಿಯ ಒಂದು ಕಂಪ್ಯೂಟರನ್ನು ಅಕ್ಕ ಶ್ರೀರಂಜನಿ ಹಿಡಿದು ಕೂತು, ಬಂದ ಗಿರಾಕಿಗಳನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದಳು. ಎಬ್ಬಿಸುವ ಧೈರ್ಯ ನನಗಿರಲಿಲ್ಲ. ಅವಳ ಪಿಎಚ್.ಡಿ. ನೇತಾಡುತ್ತಿತ್ತು.

ಸ್ಫೋಟಿಸಿದ ನಕ್ಷತ್ರಗಳಿಂದ ಭಾರೀ ವೇಗದಲ್ಲಿ ಹೊರಡುವ ಅನಿಲದ ಬಿರುಗಾಳಿ ಅವಳ ವಿಷಯ. ಅದರ ನೇರಳಾತೀತ ಬೆಳಕನ್ನು ನಮ್ಮ ವಾತಾವರಣ ಕೆಳಗಿಳಿಯಲು ಬಿಡುವುದಿಲ್ಲ. ಹಾಗಾಗಿ ಹಿಂದೆ ಉಪಗ್ರಹವೊಂದು ದಾಖಲಿಸಿದ ಬೆಳಕಿನಲ್ಲಿ ಕಾರ್ಬನ್, ಮೆಗ್ನೀಸಿಯಮ್ ಗೆರೆಗಳು ತಮ್ಮ ಜಾಗದಿಂದ ಎಷ್ಟು ಸರಿದಿವೆಯೆಂದು ಅಳೆದು, ವೇಗ ಲೆಕ್ಕ ಹಾಕಿದ್ದಳು. ಪ್ರತಿ ನಕ್ಷತ್ರದಲ್ಲೂ ಮೆಗ್ನೀಸಿಯಮ್ ಕಾರ್ಬನ್ನಿಗಿಂತ ಒಂದೇ ಅಳತೆಯಷ್ಟು ನಿಧಾನ. ಯಾಕೆಂದು ವಿವರಿಸಲು ಇಡೀ ಅಧ್ಯಾಯವನ್ನೇ ಬರೆದಳು. ಪರೀಕ್ಷಕರು ನಂಬಲಿಲ್ಲ. ಸರಿಯಾದ ಕಾರಣ ಕೊಡಿ, ಇಲ್ಲವಾದರೆ ಪ್ರಬಂಧ ವಾಪಸ್ ಎಂದಿದ್ದರು.

ಅಂದು ಮಧ್ಯಾಹ್ನ ಅಪ್ಪಯ್ಯ ಶೃಂಗೇರಿ ಬಸ್ಸಿಗೆ ಕಾಯುತ್ತ ಅಂಗಡಿಯಲ್ಲಿ ಕೂತಿದ್ದರು. ಪಕ್ಕದ ಹೋಟೆಲಿನ ವೆಂಕಮ್ಮ ಪಂಚಾಂಗ ಹಿಡಿದು ಬಂದರು.

“ಭಟ್ರೇ, ಹೊಸ ಮನೇಲಿ ಹಾಲು ಉಕ್ಸೂಕೆ ಈ ಹೊತ್ತು ಅಡ್ಡಿಲ್ವ?”

“ತಡೀರಿ ಮಾರಾಯ್ರೆ,” ಅಂದರು ಅಪ್ಪಯ್ಯ. “ಇದು ಬೆಂಗಳೂರಿನ ಸೂರ್ಯೋದಯಕ್ಕೆ ಬರ್ದದ್ದು. ನಮ್ಮಲ್ಲಿ ಸೂರ್ಯ ಹುಟ್ಟೂದು ಸ್ವಲ್ಪ ತಡ. ಎಲ್ಲಿಗೆ ಬರ್ದದ್ದು ಅಂತ ನೋಡ್ದೆ ಹೊತ್ತು ನೋಡಿದ್ರೆ ಎಂತ ಬಂತು?”

ಅಕ್ಕನ ಟೈಪಿಂಗ್ ನಿಂತಿತು. ಗೆರೆಗಳ ಮೂಲ ಜಾಗ ಹೇಳುವ ತರಂಗಾಂತರಗಳ ಕೋಷ್ಟಕ ತೆಗೆದು ನೋಡಿದಳು. ಕಾರ್ಬನ್ನಿನ ಅಂಕಿ ನಿರ್ವಾತಕ್ಕೆ ಕೊಟ್ಟದ್ದು, ಮೆಗ್ನೀಸಿಯಮ್ಮಿನದು ವಾತಾವರಣದೊಳಗಿನ ಅಳತೆ; ಗಾಳಿಯಲ್ಲಿ ತರಂಗಾಂತರ ತುಸು ಕಿರಿದಾಗುತ್ತದೆ. ಉಪಗ್ರಹ ಇದ್ದದ್ದೋ ವಾತಾವರಣದಾಚೆ!

ಅಂಕಿ ಬದಲಿಸಿ ಮತ್ತೆ ಲೆಕ್ಕ ಹಾಕಿದಳು. ಮೊದಲ ನಕ್ಷತ್ರದಲ್ಲಿ ಎರಡೂ ವೇಗ ಹೊಂದಿಕೊಂಡವು. ಎರಡನೆಯದರಲ್ಲೂ ಹಾಗೆಯೇ. ಕೊನೆಯದಕ್ಕೆ ಬರುವಾಗ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಂಡು ಒತ್ತಿದಳು. ನಾನೂ ಕೌಂಟರ್ ಬಿಟ್ಟು ಬಂದು ಅವಳ ಹಿಂದೆ ನಿಂತೆ. ಅದೂ ಸರಿಹೋಯಿತು.

ಅಂಗಡಿಯ ಫೋನಿನಿಂದಲೇ ಗೈಡಿಗೆ ಹೇಳಿದಳು. ಅವರ ನಗು ನನಗೂ ಕೇಳಿಸಿತು. ಆ ಅಧ್ಯಾಯ ಕಿತ್ತುಹಾಕು, ಉಳಿದದ್ದು ಮೊದಲಿಗಿಂತ ಗಟ್ಟಿಯಾಯಿತು, ಪರೀಕ್ಷಕರು ಒಪ್ಪುತ್ತಾರೆ ಎಂದರಂತೆ. ಫೋನಿಟ್ಟವಳೇ ಮುಖ ಮುಚ್ಚಿಕೊಂಡು ಅತ್ತಳು.

“ಎಂತಾಯ್ತೇ ಕೂಸೇ?” ಅಪ್ಪಯ್ಯ ಗಾಬರಿಯಿಂದ ಎದ್ದರು.

“ನಾ ಬರ್ದದ್ದು ಒಂದು ಅಧ್ಯಾಯ ಪೂರ್ತಿ ಸುಳ್ಳು, ಅಪ್ಪಯ್ಯ. ಬಚಾವಾದೆ!” ಅಳುತ್ತಲೇ ನಗುತ್ತಿದ್ದಳು. “ವೆಂಕಮ್ಮ, ತಿನ್ನೂಕೆ ಎಂತ ಇದೆ?”

ಪರೀಕ್ಷಕರ ಪತ್ರ ಬಂದಲ್ಲಿಂದ ಅನ್ನ ಕೆದಕಿ ಏಳುತ್ತಿದ್ದವಳು ಅಂದು ಹೋಟೆಲಿನಲ್ಲಿ ಕಡುಬಿನ ಮೇಲೆ ಕಡುಬು ಹಾಕಿಸಿಕೊಂಡಳು. ಅಪ್ಪಯ್ಯನಿಗೆ ನಕ್ಷತ್ರದ ಸಂಗತಿ ಏನೇನೂ ಅರ್ಥವಾಗಲಿಲ್ಲ. ಸಾಂಬಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದರು.

“ಇಷ್ಟು ತಿಂತಿ ಅಂತಾದ್ರೆ,” ಅಂದರು, “ಇನ್ನೊಂದು ಅಧ್ಯಾಯವೂ ಸುಳ್ಳಾಗ್ಲಿ.”