ನಡುವಿನ ಹೆಸರು

ಪೌರತ್ವದ ಪರೀಕ್ಷೆಗೆಂದು ಕೊಡುವ ನೂರು ಪ್ರಶ್ನೆಗಳಿಗೂ ನನ್ನ ಮಗಳು ಹಿಬೊ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಉತ್ತರ ಹೇಳುತ್ತಿದ್ದಳು. ನಾನು ಸಂಬುಸ, ಅಂದರೆ ನಮ್ಮ ಕಡೆಯ ಸಮೋಸ, ಕರಿಯುತ್ತ ಪ್ರಶ್ನೆ ಕೇಳಬೇಕು, ಅವಳು ಈರುಳ್ಳಿ ಹೆಚ್ಚುತ್ತ ಉತ್ತರ ಕೊಡಬೇಕು. ಧ್ವಜದಲ್ಲಿ ಪಟ್ಟಿ ಎಷ್ಟು, ಅಧ್ಯಕ್ಷ ಸತ್ತರೆ ಆಮೇಲೆ ಯಾರು, ಸಂವಿಧಾನಕ್ಕೆ ತಿದ್ದುಪಡಿ ಎಷ್ಟು. ಕೇಳಿ ಕೇಳಿ ನನಗೇ ಅರ್ಧ ಬಾಯಿಪಾಠವಾಗಿತ್ತು.

ಮೂರು ವರ್ಷದ ಕೂಸಾಗಿ ಮಿನಿಯಾಪೊಲಿಸ್‌ಗೆ ಬಂದವಳಿಗೆ ಈಗ ಇಪ್ಪತ್ತೊಂದು. ಹದಿನೆಂಟು ಚಳಿಗಾಲ ಈ ಊರಿನ ಹಿಮ ತುಳಿದಿದ್ದಾಳೆ. ಕನವರಿಸುವುದೂ ಇಂಗ್ಲಿಷಿನಲ್ಲೇ. ಕೈಯಲ್ಲಿ ಇರುವುದು ಮಾತ್ರ ಗ್ರೀನ್ ಕಾರ್ಡ್. ಇರು, ದುಡಿ, ತೆರಿಗೆ ಕಟ್ಟು, ಆದರೆ ನಮ್ಮವಳು ಅಂದುಕೊಳ್ಳಬೇಡ ಎಂದು ಹೇಳುವ ಕಾರ್ಡು ಅದು. ನನ್ನ ಬಳಿಯೂ ಅದೇ ಇದೆ. ನನ್ನ ಇಂಗ್ಲಿಷಿಗೆ ಅಷ್ಟೇ ದಕ್ಕುವುದು, ಬಿಡಿ. ಅವಳಿಗೆ ಅಷ್ಟು ಸಾಲದಾಯಿತು.

"ನಾಳೆ ಯಾರೂ ನನ್ನನ್ನ ಇಲ್ಲಿಂದ ಎಬ್ಬಿಸೋಕೆ ಆಗ್ಬಾರ್ದಮ್ಮ," ಎನ್ನುತ್ತಿದ್ದಳು. "ಅಂಥದ್ದೊಂದು ಕಾಗದ ಬೇಕು. ಇನ್ನೇನೂ ಬೇಡ."

ನೂರಕ್ಕೆ ನೂರು ತೆಗೆಯುವವಳ ಬಾಳಿಗೆ ಕಲ್ಲು ಹಾಕಿದವಳು ನಾನು. ನನ್ನ ಬಾಯಿಗೆ ಬೆಂಕಿ ಬೀಳಲಿ.

ನಮ್ಮ ಸೊಮಾಲಿ ಮಾಲ್‌ನಲ್ಲಿ ನನ್ನ ಸಂಬುಸ ಅಂಗಡಿಯ ಎದುರಿಗೇ ಜಾಮಾನ ಅಂಗಡಿ. ಜಾಮಾ ವಿಮಾನದ ಟಿಕೆಟ್ ಮಾಡಿಸುತ್ತಾನೆ, ಜನರನ್ನು ಹಜ್‌ಗೆ ಕಳಿಸುತ್ತಾನೆ, ಸರ್ಕಾರದ ಫಾರಂ ತುಂಬಿಕೊಡುತ್ತಾನೆ, ಯಾರೂ ಕೇಳದಿದ್ದರೂ ಬುದ್ಧಿ ಹೇಳುತ್ತಾನೆ. ಹಿಬೊ ತಾನೇ ತುಂಬಿಕೊಳ್ಳುತ್ತೇನೆ ಎಂದಳು. ನಾನೇ ಬಿಡಲಿಲ್ಲ, ಅನುಭವಸ್ಥ ಎಂದು ಅವನ ಮುಂದೆ ಕೂರಿಸಿದೆ. ಅರ್ಧ ಫಾರಂ ಮುಗಿದ ಮೇಲೆ ಜಾಮಾ ಕನ್ನಡಕ ಹಣೆಗೇರಿಸಿ ನನ್ನನ್ನು ಕರೆದ.

"ದೇಕಾ, ಇಲ್ಲೊಂದು ಕಾಲಂ ಇದೆ ನೋಡು. ಹೆಸರು ಬದಲಾಯಿಸ್ಕೋತೀರಾ ಅಂತ. ಇಲ್ಲಿ ಬರೆದ್ರೆ ಪ್ರಮಾಣವಚನದ ದಿನ ಜಡ್ಜೇ ಹೊಸ ಹೆಸರು ಹಿಡಿದು ಕರೀತಾರೆ. ಆಮೇಲೆ ಅಂದ್ರೆ ಕೋರ್ಟು, ಅರ್ಜಿ, ಅಲೆದಾಟ. ಈ ಹುಡುಗಿಗೆ ಅವಳಪ್ಪನ ಹೆಸರು ವಾಪಸ್ ಕೊಡಿಸೋದಾದ್ರೆ ಇದೇ ಹೊತ್ತು."

ಕಾರ್ಡಿನಲ್ಲಿದ್ದದ್ದು ಹಿಬೊ ಗೂಲೇದ್ ವರ್ಸಮೆ. ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ತಾತನದು. ನಮ್ಮಲ್ಲಿ ಹೆಸರಿಡುವುದೇ ಹಾಗೆ. ಗೂಲೇದ್ ನನ್ನ ಗಂಡ. ಅವನು ತೀರಿಹೋಗಿ ನಾಲ್ಕು ವರ್ಷವಾಯಿತು. ಆದರೆ ಹಿಬೊಳ ತಂದೆ ಅವನಲ್ಲ, ಅವನ ಅಣ್ಣ ಬರ್ಖದ್. ಯುದ್ಧದ ಕಾಲದಲ್ಲಿ ಊರು ಬಿಟ್ಟು ಗಡಿ ಕಡೆಗೆ ನಡೆಯುವಾಗ ಬರ್ಖದ್ ಗುಂಡೇಟು ತಿಂದು ರಸ್ತೆಯ ಪಕ್ಕ ಬಿದ್ದ. ಅವನ ಹೆಂಡತಿ ಕೀನ್ಯಾದ ನಿರಾಶ್ರಿತರ ಶಿಬಿರದವರೆಗೆ ಬಂದು, ಹೆತ್ತು, ಹನ್ನೆರಡನೆಯ ದಿನ ಕಣ್ಣು ಮುಚ್ಚಿದಳು. ಅದೇ ವಾರ ನಾನು ನನ್ನ ಮಗುವನ್ನು ಮಣ್ಣು ಮಾಡಿ ಬಂದಿದ್ದೆ. ಎದೆ ತುಂಬ ಹಾಲಿತ್ತು, ಕುಡಿಯುವ ಬಾಯಿರಲಿಲ್ಲ. ಅತ್ತೆ ಆ ಹೆಣ್ಣುಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ಹೊಟ್ಟೆ ತುಂಬ ಐದು ಸಲ ಹಾಲು ಕುಡಿಸಿದವಳು ತಾಯಿ. ಇದು ನಮ್ಮ ಧರ್ಮದ ಮಾತು, ನಾನು ಕಟ್ಟಿದ್ದಲ್ಲ. ನಾನು ಎರಡು ವರ್ಷ ಕುಡಿಸಿದ್ದೇನೆ. ಹಾಗಾಗಿ ಹಿಬೊ ನನ್ನ ಮಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲು ಕುಡಿದ ಮಾತ್ರಕ್ಕೆ ತಂದೆ ಬದಲಾಗುವುದಿಲ್ಲ. ಅನಾಥ ಮಗುವನ್ನು ಅದರ ತಂದೆಯ ಹೆಸರಿನಿಂದಲೇ ಕರೆಯಬೇಕು. ಬೇರೆಯವನ ಹೆಸರು ಹಚ್ಚಿದರೆ ಪಾಪ.

ಆ ಪಾಪ ಶಿಬಿರದಲ್ಲೇ ನಮ್ಮ ತಲೆಗೆ ಸುತ್ತಿಕೊಂಡಿತು. ಗುಮಾಸ್ತ ಡೇರೆಯಲ್ಲಿ ಕೂತು ಮಕ್ಕಳೆಷ್ಟು ಎಂದು ಕೇಳಿದ. ಗೂಲೇದ್ ಒಂದು ಎಂದ. ಸತ್ತ ಅಣ್ಣನ ಕೂಸನ್ನು ಎತ್ತಿಕೊಂಡು ನಿಂತು, ಇದು ನನ್ನದಲ್ಲ ಎನ್ನುವ ಗಂಡಸು ನಮ್ಮಲ್ಲಿ ನಾಲ್ಕು ಜನರೆದುರು ತಲೆ ಎತ್ತುವ ಹಾಗಿಲ್ಲ. ಗುಮಾಸ್ತ ಕೂಸಿನ ಹೆಸರಿನ ಮುಂದೆ ಗೂಲೇದ್ ಎಂದು ಬರೆದುಕೊಂಡ. ಕೆಳಗೆ ನಾವಿಬ್ಬರೂ ಹೆಬ್ಬೆಟ್ಟು ಒತ್ತಿದೆವು. ಅದೇ ಕಾಗದದ ಮೇಲೆ ರೇಷನ್ ಬಂತು, ಅದೇ ಕಾಗದದ ಮೇಲೆ ಅಮೆರಿಕದ ವಿಮಾನ ಬಂತು.

ಹಿಬೊಗೆ ಹತ್ತು ತುಂಬಿದಾಗ ಇದನ್ನೆಲ್ಲ ಹೇಳಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, ಊಟಕ್ಕೇನಮ್ಮ ಎಂದು ಕೇಳಿದ್ದಳು. ಮುಗಿಯಿತು.

ಈಗ ಜಾಮಾನ ಅಂಗಡಿಯಲ್ಲೂ ಅವಳಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ಇರೋದೇ ಇರ್ಲಿ ಬಿಡಮ್ಮ. ಗೂಲೇದಪ್ಪ ನನ್ನನ್ನೇನು ಕಮ್ಮಿ ಸಾಕಿದ್ರಾ?"

"ಸಾಕಿದ್ದು ಬೇರೆ, ಹೆಸರು ಬೇರೆ," ಎಂದೆ. "ಕಯಾಮತ್ತಿನ ದಿನ ದೇವರ ಮುಂದೆ ಎಲ್ಲರನ್ನೂ ಅಪ್ಪನ ಹೆಸರು ಹಿಡಿದು ಕೂಗ್ತಾರೆ. ಬರ್ಖದ್‌ನ ಮಗಳೆಲ್ಲಿ ಅಂದಾಗ ಯಾರು ಎದ್ದು ನಿಲ್ಬೇಕು?"

"ಅಲ್ಲೂ ಫಾರಂ ತುಂಬ್ಬೇಕಾ ಜಾಮಾ ಮಾವ?"

ಜಾಮಾ ಕಿಸಕ್ಕನೆ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. "ತಮಾಷೆ ಮಾಡ್ಬೇಡ. ಆ ಮನುಷ್ಯನಿಗೆ ಒಂದು ಗೋರಿ ಕೂಡ ಇಲ್ಲ. ಅವನದ್ದು ಅಂತ ಈ ಭೂಮಿ ಮೇಲೆ ಉಳಿದಿರೋದು ನೀನೊಬ್ಳು. ಅಷ್ಟು ದೊಡ್ಡ ದೇಶ ಕೇಳ್ತಾ ಇದೆ, ಏನು ಹೆಸರು ಬೇಕು ಅಂತ. ಬಾಯಿ ಬಿಟ್ಟು ಹೇಳೋಕೆ ನಿನಗೇನು ದಾಡಿ?"

ಹಿಬೊ ಕೀಲಿಮಣೆ ತನ್ನ ಕಡೆಗೆ ಎಳೆದುಕೊಂಡು ಬರ್ಖದ್ ಎಂದು ಒತ್ತಿದಳು.

"ನಡುವಿನ ಒಂದು ಹೆಸರು ತಾನೆ," ಎಂದ ಜಾಮಾ. "ಅದನ್ನ ಯಾರು ನೋಡ್ತಾರೆ."

ಎಂಟು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು. ಇಪ್ಪತ್ತು ನಿಮಿಷದ ಕೆಲಸ ಎಂದು ಎಲ್ಲರೂ ಹೇಳಿದ್ದರು. ನಾನು ಹೊರಗಿನ ಕುರ್ಚಿಯಲ್ಲಿ, ಮುಗಿದ ಮೇಲೆ ತಿನ್ನೋಣವೆಂದು ಮಾಡಿಕೊಂಡು ಬಂದ ಸಂಬುಸದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳ ನಂತರ ಒಳಗೆ ಹೋದ ನಾಲ್ಕು ಜನ ನಗುತ್ತ ಹೊರಗೆ ಬಂದರು. ಹಿಬೊ ಒಂದೂವರೆ ಗಂಟೆಯಾದ ಮೇಲೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ ಮೇಲೆ ಬಾಯಿ ಬಿಟ್ಟಳು.

"ಅಧಿಕಾರಿ ಹತ್ತು ಪ್ರಶ್ನೆ ಕೇಳಬೇಕಿತ್ತಮ್ಮ. ಮೊದಲ ಆರೂ ಸರಿ ಹೇಳಿದ್ದಕ್ಕೆ ಅಲ್ಲಿಗೇ ಸಾಕು, ಪಾಸು ಅಂದ್ರು. ಆಮೇಲೆ ಹೆಸರಿನ ಕಾಲಂಗೆ ಬಂದ್ರು. ಈ ಬರ್ಖದ್ ಯಾರು ಅಂದ್ರು."

"ನೀನೇನಂದೆ?"

"ನಮ್ಮಪ್ಪ ಅಂದೆ. ಹಾಗಾದ್ರೆ ಗೂಲೇದ್ ಯಾರು ಅಂದ್ರು. ಅವರು ನಮ್ಮ ಚಿಕ್ಕಪ್ಪ, ಸಾಕಿದೋರು ಅಂದೆ. ಅವರು ಪೆನ್ನು ಕೆಳಗಿಟ್ಟು ಹಳೇ ಫೈಲ್ ತರಿಸಿದ್ರು. ಅದರಲ್ಲಿ ನಿಮ್ಮಿಬ್ಬರ ಹೆಬ್ಬೆಟ್ಟಿನ ಗುರುತಿತ್ತು."

"ಆಮೇಲೆ?"

"ನೀವು ಬಲಗೈ ಎತ್ತಿ ಪ್ರಮಾಣ ಮಾಡಿದೀರಿ, ನೆನಪಿರ್ಲಿ ಅಂದ್ರು. ನಿಮ್ಮ ತಾಯಿ ಯಾರು ಅಂದ್ರು. ಹೊರಗೆ ಕೂತಿದಾರೆ, ದೇಕಾ ಅಂತ, ಅಂದೆ. ಸ್ವಂತ ತಾಯೀನಾ ಅಂದ್ರು. ಹೌದು ಅಂದೆ. ಯೋಚನೆ ಮಾಡಿ ಹೇಳಿ ಅಂತ ನೀರು ಕೊಟ್ರು. ನೀರು ಕುಡಿದು ಮತ್ತೆ ಹೌದು ಅಂದೆ. ಮೂರು ಸಲ ಕೇಳಿದ್ರಮ್ಮ. ಮೂರು ಸಲಾನೂ ಅದನ್ನೇ ಹೇಳ್ದೆ."

ಅವರು ಬೈಯಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು, ನನಗೂ ಬೈಯಲು ಒಬ್ಬ ಸಿಕ್ಕುತ್ತಿದ್ದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯ ಹಾಗಾಯಿತು. ತಂದೆ ಬರ್ಖದ್, ತಾಯಿ ದೇಕಾ: ಅವಳು ಹೇಳಿದ ಎರಡೂ ಮಾತು ದೇವರ ಮುಂದೆ ಸತ್ಯ. ಸಂಬುಸದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ಬಂತು.

ಆಮೇಲೆ ನಮ್ಮಿಬ್ಬರನ್ನೂ ಪರೀಕ್ಷೆಗೆ ಕರೆದರು. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಗೆ ಒರೆಸಿ ತೆಗೆದುಕೊಂಡರು. ತಾಯಿ ಮಗಳು ಹೌದೋ ಅಲ್ಲವೋ ಅದರಲ್ಲಿ ತಿಳಿಯುತ್ತದಂತೆ. ಹಾಲು ಮಾತ್ರ ಅದರಲ್ಲಿ ಕಾಣುವುದಿಲ್ಲವಂತೆ.

ಮಾರ್ಚ್ ತಿಂಗಳಲ್ಲಿ ಕಾಗದ ಬಂತು. ಹಿಬೊ ಅಡುಗೆಮನೆಯ ಮೇಜಿನ ಮುಂದೆ ನಿಂತು ಓದಿ, ನನಗೆ ನಮ್ಮ ಭಾಷೆಯಲ್ಲಿ ಹೇಳಿದಳು. ಅರ್ಜಿ ತಿರಸ್ಕಾರವಾಗಿದೆ. ಒಂದು, ಅರ್ಜಿದಾರಳು ಗೂಲೇದ್‌ನ ಮಗಳೆಂದು ಈ ದೇಶಕ್ಕೆ ಬಂದಿದ್ದಾಳೆ, ಅವಳು ಅವನ ಮಗಳಲ್ಲ, ಆದ್ದರಿಂದ ಗ್ರೀನ್ ಕಾರ್ಡ್ ಸಿಕ್ಕಿದ್ದೇ ಸರಿಯಲ್ಲ. ಎರಡು, ದೇಕಾ ತನ್ನ ತಾಯಿಯೆಂದು ಪ್ರಮಾಣ ಮಾಡಿ ಮೂರು ಬಾರಿ ಸುಳ್ಳು ಹೇಳಿದ್ದಾಳೆ. ಒಪ್ಪದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

"ಮೇಲೆ ಯಾರ ಹೆಸರು ಬರ್ದಿದಾರೆ ನೋಡಮ್ಮ," ಎಂದಳು.

ಮೇಲೆ ಹಿಬೊ ಗೂಲೇದ್ ವರ್ಸಮೆ ಎಂದಿತ್ತು. ನೀನು ಅವನ ಮಗಳಲ್ಲ ಎಂದು ಅವನ ಹೆಸರು ಹಿಡಿದೇ ಕರೆದು ಹೇಳಿದ್ದರು. ಯಾರೂ ಎಬ್ಬಿಸದಿರಲಿ ಎಂದು ಒಂದು ಕಾಗದ ಕೇಳಿದವಳಿಗೆ, ಇದ್ದ ಕಾರ್ಡಿಗೂ ಈಗ ಸಂಚಕಾರ. ನಾನು ಹಣೆ ಹಣೆ ಚಚ್ಚಿಕೊಂಡೆ. ಜಾಮಾನ ಅಂಗಡಿಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವನನ್ನು ಅಂದು ಏನು ಬಂತು? ಒತ್ತಾಯ ಮಾಡಿದವಳು ನಾನಲ್ಲವೆ?

ಸಮುದಾಯ ಭವನದಲ್ಲಿ ಗುರುವಾರ ಗುರುವಾರ ಪುಕ್ಕಟೆಯಾಗಿ ಕಾನೂನು ಸಲಹೆ ಕೊಡುವ ವಕೀಲೆಯೊಬ್ಬಳಿದ್ದಾಳೆ, ಮಾರಿಟ್ ಎಂದು. ಒಳ್ಳೆಯ ಹೆಂಗಸು. ಕಾಗದವನ್ನೆಲ್ಲ ಎರಡು ಸಲ ಓದಿ, ಹಿಬೊ ಕಡೆ ತಿರುಗಿ ಮಾತಾಡಿದಳು. ಹಿಬೊ ನನಗೆ ಅರ್ಥ ಹೇಳುತ್ತ ಹೋದಳು.

"ಮೊದಲನೇದು ನನ್ನ ತಪ್ಪಲ್ವಂತೆ. ಆಗ ಮೂರು ವರ್ಷ, ಅದಕ್ಕೆ ವಾದ ಮಾಡ್ಬಹುದಂತೆ. ಎರಡನೇದೇ ಕಷ್ಟ. ಇಪ್ಪತ್ತೊಂದು ವರ್ಷದೋಳು ಪ್ರಮಾಣ ಮಾಡಿ ಹೇಳಿರೋದು. ದತ್ತು ತಗೊಂಡ ಕಾಗದ ಇದ್ಯಾ ಅಂತ ಕೇಳ್ತಿದಾರೆ."

"ನಮ್ಮಲ್ಲಿ ದತ್ತು ಇಲ್ಲ ಅಂತ ಹೇಳು. ಹಾಲಿನ ವಿಷಯ ಹೇಳು."

ಹಿಬೊ ಹೇಳಿದಳು. ಮಾರಿಟ್ ನನ್ನ ಕಡೆಗೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಿಬೊ ಅರ್ಥ ಹೇಳಿದಳು: "ಹಾಲಿನ ವಿಷಯ ಬರೀತೀನಿ ಅಂತಿದಾರೆ. ಆದ್ರೆ ಕಾನೂನಲ್ಲಿ ಅದಕ್ಕೆ ಜಾಗ ಇಲ್ವಂತೆ. ನಾವಿಬ್ರೂ ಒಂದೊಂದು ಹೇಳಿಕೆ ಕೊಡ್ಬೇಕಂತೆ. ನಾನು ಅವಳ ತಾಯಿಯಲ್ಲ ಅಂತ ನೀನು. ಅವಳು ನನ್ನ ತಾಯಿಯಲ್ಲ, ಗಾಬರೀಲಿ ಹಾಗಂದೆ ಅಂತ ನಾನು."

ಮಾರಿಟ್ ಇನ್ನೂ ಏನೋ ಹೇಳಿದಳು. ಹಿಬೊ ಅದನ್ನು ನನಗೆ ದಾಟಿಸಲಿಲ್ಲ. ಪರೀಕ್ಷೆ ಪಾಸಾಗುವಷ್ಟು ಇಂಗ್ಲಿಷ್ ನನಗೆ ಬರದಿರಬಹುದು, ನನ್ನ ತಲೆಗೆ ಬರುವ ಮಾತು ತಿಳಿಯುವಷ್ಟು ಬರುತ್ತದೆ. ಶಿಬಿರದ ಕಾಗದದಲ್ಲಿ ನಿಮ್ಮ ಹೆಬ್ಬೆಟ್ಟೂ ಇದೆ, ಈ ಹೇಳಿಕೆ ಕೊಟ್ಟರೆ ನಾಳೆ ನಿಮ್ಮ ಗ್ರೀನ್ ಕಾರ್ಡಿಗೂ ಕುತ್ತು ಬರಬಹುದು ಎಂದಿದ್ದಳು.

"ನಡಿಯಮ್ಮ ಮನೆಗೆ," ಎಂದು ಹಿಬೊ ಎದ್ದಳು. "ಸುಳ್ಳು ಹೇಳಿ ಸಿಟಿಜನ್ ಆಗೋದು ಬೇಡ ನನಗೆ."

"ನಿಜ ಹೇಳಿ ಆಗಿದ್ದು ಕಂಡ್ವಲ್ಲ. ಕೂತ್ಕೋ."

"ನಿನ್ನನ್ನ ವಾಪಸ್ ಕಳಿಸಿದ್ರೆ?"

"ನನಗೆ ಹೋಗೋಕೆ ಒಂದು ದೇಶ ಆದ್ರೂ ನೆನಪಿದೆ. ನಿನಗೆ ಯಾವುದಿದೆ? ಕೂತ್ಕೋ ಅಂದೆ."

ಮಾರಿಟ್ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿದಳು. ನಾನು, ದೇಕಾ, ಹಿಬೊಳ ತಾಯಿಯಲ್ಲ. ನಾನು ಅವಳ ಚಿಕ್ಕಪ್ಪನ ಹೆಂಡತಿ. ನಾನು ಬಲಗೈ ಎತ್ತಿ ಹೌದು ಎಂದು ಸಹಿ ಹಾಕಿದೆ. ಇಲ್ಲಿಗೆ ಬಂದ ಮೇಲೆ ಸಹಿ ಹಾಕಲು ಕಲಿಸಿದವಳು ಹಿಬೊನೇ, ಅವಳಾಗ ಎರಡನೆಯ ಕ್ಲಾಸಿನಲ್ಲಿದ್ದಳು.

ನಂತರ ಅವಳ ಸರದಿ. ಸಿಟ್ಟಿನಲ್ಲಿ ಸಹಿಯ ಜಾಗದಲ್ಲಿ 'ಹಿಬೊ ಬರ್ಖದ್ ವರ್ಸಮೆ' ಎಂದು ಗೀಚಿದಳು. ಮಾರಿಟ್ ಮೆಲ್ಲಗೆ ಆ ಹಾಳೆ ತೆಗೆದು ಇನ್ನೊಂದನ್ನು ಇಟ್ಟಳು. ಕಾರ್ಡಿನಲ್ಲಿ ಇರುವ ಹೆಸರನ್ನೇ ಹಾಕಬೇಕಂತೆ. ಹಿಬೊ ತುಟಿ ಕಚ್ಚಿಕೊಂಡು ನಡುವೆ ಗೂಲೇದ್ ಎಂದು ಬರೆದಳು. ಅರ್ಜಿಯಲ್ಲಿದ್ದ ಹೆಸರು ಬದಲಾವಣೆಯ ಕಾಲಂಗೆ ಮಾರಿಟ್ ತಾನೇ ಅಡ್ಡಗೆರೆ ಎಳೆದಳು.

ಮೇಲ್ಮನವಿಯ ವಿಚಾರಣೆ ಬರುವ ಮಂಗಳವಾರ. ಅಲ್ಲಿ ಅಪ್ಪಿತಪ್ಪಿಯೂ ಅಮ್ಮ ಅನ್ನಬಾರದು, ಮೊದಲೇ ಅಭ್ಯಾಸ ಮಾಡಿಸಿ ಎಂದು ಮಾರಿಟ್ ಹೇಳಿ ಕಳಿಸಿದ್ದಾಳೆ. ಅದಕ್ಕೇ ನಾನು ಮತ್ತೆ ಒಲೆಯ ಮುಂದೆ ನಿಂತು ಪ್ರಶ್ನೆ ಕೇಳುತ್ತೇನೆ, ಹಿಬೊ ಈರುಳ್ಳಿ ಹೆಚ್ಚುತ್ತ ಉತ್ತರ ಕೊಡುತ್ತಾಳೆ. ಮೊದಲೆರಡು ದಿನ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಗದರಿಸಿದೆ, ಅತ್ತುಬಿಟ್ಟೆ, ಮತ್ತೆ ಗದರಿಸಿದೆ. ಅವಳ ಬಾಯಿಗೆ ಅಮ್ಮ ಎನ್ನಲು ಕಲಿಸಿದವಳೂ ನಾನೇ.

ಇವತ್ತು ಮತ್ತೆ ಕೇಳಿದೆ. "ದೇಕಾ ನಿಮಗೆ ಏನಾಗ್ಬೇಕು?"

"ನನ್ನ ಚಿಕ್ಕಪ್ಪನ ಹೆಂಡತಿ."

"ನಿಮ್ಮನ್ನ ಹೆತ್ತೋರಾ?"

"ಅಲ್ಲ."

"ಮತ್ತೆ ತಾಯಿ ಅಂತ ಯಾಕಂದ್ರಿ?"

"ಗಾಬರಿಯಾಗಿತ್ತು. ತಪ್ಪಾಗಿ ಹೇಳ್ದೆ. ಅವರು ನನ್ನ ಚಿಕ್ಕಪ್ಪನ ಹೆಂಡತಿ."

ಒಂದು ಕಡೆಯೂ ತಡವರಿಸಲಿಲ್ಲ. ಚಾಕು ಕೆಳಗಿಟ್ಟು, ಮೊಣಕೈಯಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

"ಈಗ ಸರಿಯಾಯ್ತಾ, ಅಮ್ಮ?"

"ತಪ್ಪು," ಎಂದೆ. "ಮೊದಲಿಂದ ಹೇಳು."