ಬೆನ್ನಿನಿಂದ ಟೀವಿ ನೋಡಿದವನು

ವಿಷ್ಣುತೀರ್ಥ ಟೀವಿಯನ್ನು ಬೆನ್ನಿನಿಂದ ನೋಡುತ್ತಿದ್ದ. ವೆಸ್ಟ್ ಮಾಂಬಲಂನ ಆ ಸಣ್ಣ ಫ್ಲ್ಯಾಟಿನಲ್ಲಿ ಹೆಂಡತಿ ಜಯಲಕ್ಷ್ಮೀ ಸಂಜೆಯ ತಮಿಳು ಸೀರಿಯಲ್ ಹಾಕಿದೊಡನೆ ಅವನು ಬೆತ್ತದ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ, ಗಾಜಿನ ಬಾಗಿಲಿನ ಪುಸ್ತಕದ ಬೀರುವಿಗೆ ಮುಖಮಾಡಿ ಕೂರುತ್ತಿದ್ದ. ಕಣ್ಣಿಗೆ ಹೊಡೆಯುತ್ತದೆಂದು ಟ್ಯೂಬ್‌ಲೈಟ್ ಆರಿಸಲು ಹಠ ಹಿಡಿಯುತ್ತಿದ್ದ. ಎದ್ದು ಒಳಗಿನ ಕೋಣೆಗೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ತಿರಸ್ಕರಿಸುವುದಕ್ಕೂ ಹಾಜರಿ ಬೇಕೆಂಬುದು ಅವನ ನಂಬಿಕೆಯಾಗಿತ್ತೋ ಏನೋ.

ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ಅವನು ಕನ್ನಡ ಸಂಘದ ಮಾಸಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದ. ಎಗ್ಮೋರಿನಲ್ಲಿ ಫಿಲ್ಮ್ ಸೊಸೈಟಿಯ ಪ್ರದರ್ಶನವಿದ್ದ ದಿನ, ಮೇ ತಿಂಗಳ ಬಿಸಿಲಿನಲ್ಲೂ ಬೂದು ಉಣ್ಣೆಯ ಕೋಟು ತೊಟ್ಟು, ಎಡಗೈ ಬೆನ್ನ ಹಿಂದಿಟ್ಟು, ಶವದ ಹಿಂದೆ ಹೊರಟವನಂತೆ ಮೆಲ್ಲಗೆ ಸ್ಟೇಷನ್ನಿಗೆ ನಡೆಯುತ್ತಿದ್ದ. "ಕೋಟು ಹಾಕ್ಕೊಂಡು ಯಾರಾದ್ರೂ ಟೀವಿ ನೋಡ್ತಾರೇನಯ್ಯ? ಯಾವುದು ಕಲೆ ಅಂತ ಅಲ್ಲೇ ಗೊತ್ತಾಗುತ್ತೆ," ಎಂದು ಜೊತೆಗೆ ಬರುತ್ತಿದ್ದ ಗೆಳೆಯನಾದ ನನಗೆ ಹೇಳುತ್ತಿದ್ದ. 'ಕತ್ತಲಲ್ಲಿ ಬೆಳಗುವ ಒಂದು ಮುಖ, ಅದೇ ಸಿನಿಮಾ. ಮಿಕ್ಕಿದ್ದೆಲ್ಲ ಸದ್ದು' ಎಂದು ಬರೆದಿದ್ದ. ಚಿತ್ರದಲ್ಲಿ ಒಬ್ಬಾಕೆ ಮಾತಿಲ್ಲದೆ ಬಹಳ ಹೊತ್ತು ಬಟ್ಟೆ ಒಣಹಾಕಿದರೆ ಅದು ಕಾಲದ ಧ್ಯಾನ. ಸೀರಿಯಲ್ಲಿನ ಅತ್ತೆ ಅಷ್ಟೇ ಹೊತ್ತು ಸೊಸೆಯನ್ನು ದಿಟ್ಟಿಸಿದರೆ ಎಳೆತ.

"ಎರಡರಲ್ಲೂ ಏನೂ ನಡೀಲಿಲ್ಲ ಅಲ್ವಾ? ಅದು ಮಾತ್ರ ಹೇಗೆ ದೊಡ್ಡದು?" ಎಂದು ಜಯಲಕ್ಷ್ಮೀ ಒಮ್ಮೆ ಕೇಳಿದರು.

"ಅಲ್ಲಿ ಏನೂ ನಡೀದೇ ಇರೋ ಹಾಗೆ ಕಷ್ಟಪಟ್ಟು ಮಾಡಿರ್ತಾರೆ, ಜಯಾ," ಎಂದ. ಹೇಳುವಾಗ ನಗಲೂ ಇಲ್ಲ.

ಅವನನ್ನು ನಿಜಕ್ಕೂ ಕೆಣಕುತ್ತಿದ್ದುದು ಬೇರೆ. ಸೀರಿಯಲ್ಲಿನ ನಟನೊಬ್ಬ ನಡುವೆ ಬಿಟ್ಟುಹೋದರೆ ಪರದೆಯ ಮೇಲೆ 'ಇವರುಕ್ಕು ಬದಿಲ್ ಇವರ್', ಇವರ ಬದಲಿಗೆ ಇವರು, ಎಂದು ತಮಿಳಿನ ಒಂದು ಸಾಲು ಬರುತ್ತದೆ. ಮರುಕ್ಷಣ ಬೇರೊಂದು ಮುಖ ಅದೇ ಕುರ್ಚಿಯಲ್ಲಿ ಕೂತು ಹಿಂದಿನವನ ಮಾತು ಮುಂದುವರಿಸುತ್ತದೆ. "ಯಾರೋ ಅಪರಿಚಿತ ಬಂದು ಗಂಡ ಅಂತ ಕೂತಿದಾನೆ, ಅವಳು ಕಾಫಿ ತಂದುಕೊಡ್ತಾಳೆ. ಮನೇಲಿ ಒಬ್ಬರಾದ್ರೂ ಕಿರುಚಬೇಡ್ವೇನಯ್ಯ? ನನಗೆ ಭಯ ಆಗುತ್ತೆ." ಬೆನ್ನು ತಿರುಗಿಸಿ ಕೂತವನಿಗೆ ಮುಖ ಬದಲಾದದ್ದು ಹೇಗೆ ತಿಳಿಯಿತೆಂಬುದು ಆಗ ನನಗೆ ಹೊಳೆಯಲಿಲ್ಲ.

ಕಳೆದ ಧನುರ್ಮಾಸದಲ್ಲಿ, ಇಲ್ಲಿನವರ ಮಾರ್ಗಳಿಯಲ್ಲಿ, ಊರೆಲ್ಲ ಸಂಗೀತ ಕಚೇರಿಗಳಿಗೆ ಓಡುತ್ತಿದ್ದ ದಿನಗಳಲ್ಲಿ, ಅವನು ಆ ಕುರ್ಚಿಯಲ್ಲೇ ಹೋದ. ಸೀರಿಯಲ್ ಮುಗಿದು ಊಟಕ್ಕೆ ಎಬ್ಬಿಸಹೋದಾಗಲೇ ತಿಳಿದದ್ದು. ಅಂದು ಅವನು ಏನೂ ಬೈದಿರಲಿಲ್ಲ. ಎಪಿಸೋಡ್ ಚೆನ್ನಾಗಿತ್ತೇನೋ ಎಂದು ಜಯಲಕ್ಷ್ಮೀ ಭಾವಿಸಿದ್ದರಂತೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಹೋದೆ. ಟೀವಿ ಆರಿತ್ತು. ಕುರ್ಚಿ ಬೀರುವಿನ ಕಡೆಗೇ ತಿರುಗಿತ್ತು, ಅದರ ಬೆನ್ನಿಗೆ ಕೋಟು ತೊಡಿಸಿತ್ತು. ಬಾಗಿಲಲ್ಲಿ ನಿಂತವನಿಗೆ ಅವನೇ ಕೂತಿದ್ದಾನೆ ಎನ್ನಿಸಿ ಚಪ್ಪಲಿ ಬಿಡುತ್ತಿದ್ದ ಕಾಲು ಹಾಗೇ ನಿಂತಿತು.

"ಹಾಕಿದ್ರೂ ನೋಡಕ್ಕಾಗ್ತಿಲ್ಲ," ಎಂದರು ಜಯಲಕ್ಷ್ಮೀ. "ಇಷ್ಟು ವರ್ಷ ಬೆನ್ನು ತಿರುಗಿಸಿದ್ದು ಟೀವಿಗೋ ನನಗೋ, ಅದೊಂದು ಗೊತ್ತಾಗಿದ್ರೆ ಸಾಕಿತ್ತು." ಕುರ್ಚಿಯತ್ತ ಕೈ ತೋರಿ, "ನೀವು ಕೊಂಜ ಹೊತ್ತು ಅಲ್ಲಿ ಕೂತ್ಕೊಂಡು ಬೈತೀರಾ? ಅವರ ಹಾಗೇ?" ಎಂದು ಕೇಳಿದರು.

ಕೂತೆ. ಉಣ್ಣೆ ಕುತ್ತಿಗೆಗೆ ತಾಗಿತು. ಅವರು ದೀಪ ಆರಿಸಿ, ಟೀವಿ ಹಾಕಿ, ಪಕ್ಕದ ದಿವಾನದ ಮೇಲೆ ಕೂತರು. ಎದುರಿನ ಗಾಜಿನಲ್ಲಿ, ಸಿನಿಮಾ ಮೀಮಾಂಸೆಯ ದಪ್ಪ ಪುಸ್ತಕಗಳ ಮೇಲೆ, ಇಡೀ ಸೀರಿಯಲ್ ಎಡಬಲ ಅದಲುಬದಲಾಗಿ ಮೂಡಿತು. ಅದರ ಒಂದು ಮೂಲೆಯಲ್ಲಿ, ಬೆಳಕು ಕುಣಿದಂತೆಲ್ಲ ಹೊತ್ತಿ ಆರುತ್ತ, ಜಯಲಕ್ಷ್ಮೀಯವರ ಮುಖ.

"ಇಲ್ಲಿಂದ ಎಲ್ಲ ಕಾಣುತ್ತೆ," ಎಂದೆ. "ನೀವೂ ಕಾಣ್ತೀರಿ."

ಅವರು ಗಾಜಿನ ಕಡೆಗೆ ಬಗ್ಗಿ ನೋಡಿದರು. "ಅಳೋದೂ?"

"ಅದೂ."

"ಸರಿ. ಈಗ ಬೈಯಿರಿ."

"ಎಳೀತಾರೆ, ಎಳೀತಾರೆ. ಇದಕ್ಕೊಂದು ಕೊನೆ ಬೇಡ್ವೇನಯ್ಯ," ಎಂದೆ. ನನ್ನ ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ. ಯಾರೂ ಕಿರುಚಲಿಲ್ಲ. "ಸುಮ್ನಿರಿ, ಡಯಲಾಗ್ ಕೇಳಿಸ್ತಿಲ್ಲ," ಎಂದು ಜಯಲಕ್ಷ್ಮೀ ಎಂದಿನಂತೆ ಗದರಿ, ಎದ್ದು ಹೋಗಿ, ನನ್ನ ಕೈಗೆ ಕಾಫಿಯ ಡಬರಾ ಲೋಟ ಕೊಟ್ಟರು.

ಇಂಥ ವಿಮರ್ಶಕರು ಅನೇಕ ಮನೆಗಳಲ್ಲಿದ್ದಾರೆ. ತಮಗೆ ಪ್ರಿಯವಾದುದನ್ನು ನೇರವಾಗಿ ನೋಡಲು ನಾಚಿ, ಗಾಜೊಂದನ್ನು ಹುಡುಕಿಕೊಂಡವರು. ಜೀವವಿರುವ ತನಕ ಅವರ ಅಭಿಪ್ರಾಯಗಳಿಗೆ ನಾವು ನಗುತ್ತೇವೆ. ಅವರು ಹೋದ ಮೇಲೆ ಆ ಅಭಿಪ್ರಾಯಗಳು ಕುರ್ಚಿ ಬಿಟ್ಟು ಏಳುವುದಿಲ್ಲ. ಯಾರು ಬಂದು ಕೂತರೂ ಅವರ ಬಾಯಿಂದ ಮಾತಾಡುತ್ತವೆ.